ಅಪ್ಪ ನಂಬದ ತಪ್ಪೊಪ್ಪಿಗೆ

ನವೆಂಬರ್ ೧೪, ಗುರುವಾರ. ಪ್ಲೋವ್ಡಿವ್.

ನಮ್ಮೂರ ಕಡೆ ಬೆಳೆಯುವ 'ಬೆಟ್ಟದ ಚಹಾ' ಎಂಬ ಸೊಪ್ಪಿನ ಬಗ್ಗೆ ನಾವು ಬರೆದ ಲೇಖನವನ್ನು ವಿಜ್ಞಾನ ಪತ್ರಿಕೆಯವರು ಇವತ್ತು ಹಿಂತೆಗೆದುಕೊಂಡರು. ರಕ್ತದೊತ್ತಡ ಇಳಿಸುತ್ತದೆಂದು ತೋರಿಸಿದ್ದ ಅಂಕಿಗಳನ್ನೆಲ್ಲ ನಮ್ಮ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ರಂಗೆಲೋವ್ ಕೂತಲ್ಲೇ ಹುಟ್ಟಿಸಿದ್ದರಂತೆ. ಸೊಪ್ಪಿನ ಸಾರ ತೆಗೆದುಕೊಟ್ಟವಳು ನಾನು, ಹಾಗಾಗಿ ಲೇಖನದಲ್ಲಿ ನನ್ನ ಹೆಸರೂ ಇದೆ. ಕೆಲಸ ಹೋದರೆ ಹಾಳಾಗಿ ಹೋಗಲಿ. ಜೀವ ತಿನ್ನುತ್ತಿರುವುದು ಅದಲ್ಲ.

ನಮ್ಮೂರು ಸ್ಮೋಲ್ಯಾನ್‌ನಲ್ಲಿ ಅಪ್ಪ ಆ ಲೇಖನಕ್ಕೆ ಕಟ್ಟು ಹಾಕಿಸಿ ಅಡುಗೆಮನೆಯಲ್ಲಿ ಸಂತ ನಿಕೋಲನ ಪಟದ ಪಕ್ಕ ತೂಗುಹಾಕಿದ್ದಾರೆ. ಬಿ.ಪಿ. ಮಾತ್ರೆ ಬಿಟ್ಟು ಚಹಾ ಕುಡಿಯುತ್ತಿದ್ದಾರೆಂದು ಸಂಜೆ ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು.

"ಅಪ್ಪಾ, ಆ ಲೇಖನ ಸುಳ್ಳು. ಈಗಲೇ ಮಾತ್ರೆ ತಗೋ."

"ಯಾರು ಹಾಗಂದಿದ್ದು? ರಾಜಧಾನಿ ಸೋಫಿಯಾದ ಹೊಟ್ಟೆಕಿಚ್ಚಿನ ನನ್ಮಕ್ಕಳಾ?"

"ನಾನೇ ಹೇಳ್ತಿದ್ದೀನಪ್ಪಾ!"

"ನಿನ್ನ ಕೈಲಿ ಹೇಳಿಸ್ತಿದ್ದಾರೆ ಪುಟ್ಟಿ. ಆಗ ಕಮ್ಯುನಿಸ್ಟ್ ಪಕ್ಷದವರೂ ಹೀಗೇ ಮಾಡ್ತಿದ್ರು. ನಿಮ್ಮ ಚಿಕ್ಕಪ್ಪನ ಹತ್ರ ತಪ್ಪೊಪ್ಪಿಗೆ ಬರೆಸ್ಕೊಂಡು ಪೇಪರಲ್ಲಿ ಹಾಕಿದ್ರು. ಮನೇಲಿ ಒಬ್ರಾದ್ರೂ ನಂಬಿದ್ರಾ?"

ಅತ್ತುಬಿಟ್ಟೆ. ಅತ್ತಷ್ಟೂ ಅವರ ನಂಬಿಕೆ ಗಟ್ಟಿಯಾಯಿತು.

"ಅಳಬೇಡ, ನಾನಿದ್ದೀನಿ. ಫೋನಲ್ಲಿ ಜಾಸ್ತಿ ಮಾತು ಬೇಡ, ಕೇಳಿಸ್ಕೊಳ್ತಿರ್ತಾರೆ." ಆಮೇಲೆ ಯಾರಿಗೋ ಕೇಳಲೆಂಬಂತೆ ದನಿ ಏರಿಸಿದರು: "ನನ್ನ ಮಗಳ ಲೇಖನ ಗೋಡೆ ಮೇಲೇ ಇರುತ್ತೆ!" ಲೋಟಕ್ಕೆ ಚಹಾ ಬಗ್ಗಿಸುವ ಸದ್ದು ಕೇಳಿಸಿತು.

ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಹೋಗಿ ಏನು ಹೇಳಲಿ? ಎದುರು ನಿಂತು ನಿಜ ಹೇಳಿದರೂ, ಬೆದರಿಸಿ ಕಳಿಸಿದ್ದಾರೆ ಎಂದೇ ತಿಳಿಯುತ್ತಾರೆ. ದೇವರೇ, ನನ್ನನ್ನು ಇಷ್ಟು ನಂಬಬಾರದಿತ್ತು.

ಆಗಿನಿಂದ ಎಷ್ಟು ಸಲ ಮಾಡಿದರೂ ಫೋನ್ ಎತ್ತುತ್ತಿಲ್ಲ. ನನ್ನನ್ನು ಕಾಪಾಡಲೆಂದೇ ಎತ್ತುತ್ತಿಲ್ಲವೋ, ಇಲ್ಲಾ ಮಾತ್ರೆಯಿಲ್ಲದೆ ಅವರಿಗೇನಾದರೂ...