ಅತ್ತೆಯ ಹೆಸರಿನ ಬಾಣಬಿರುಸು

೩ ನವೆಂಬರ್ ೨೦೨೧, ಬುಧವಾರ, ಕಾಶಿವಾ, ಜಪಾನ್. ರಜೆ. ಗಿರಿಧರ್, ಮಗಳು ಚಿನ್ಮಯಿ ಮಲಗಿದ್ದಾರೆ.

ನಾಳೆ ದೀಪಾವಳಿ. ಅತ್ತೆ ತೀರಿಕೊಂಡು ವರ್ಷ ತುಂಬಿಲ್ಲ, ಹಾಗಾಗಿ ನಮಗೆ ಹಬ್ಬವಿಲ್ಲ. ಮೇ ತಿಂಗಳಲ್ಲಿ ಮೈಸೂರಿನಲ್ಲಿ ನಡೆದದ್ದನ್ನೆಲ್ಲ ಗಿರಿಧರ್ ಫೋನಿನಲ್ಲೇ ನೋಡಿದ. ತಾಯಿಗಾಗಿ ಇನ್ನೂ ಅತ್ತಿಲ್ಲ.

ಪಕ್ಕದ ಮನೆಯ ಮೊರಿಯಾಮಾ ಸಾನ್ ಊರಿನ ಆರ್ಕೆಸ್ಟ್ರಾದಲ್ಲಿ ಚೆಲ್ಲೋ ನುಡಿಸುತ್ತಾರೆ. ಕೋವಿಡ್‌ನಿಂದ ಬೇಸಿಗೆಯಲ್ಲಿ ರದ್ದಾದ ಬಾಣಬಿರುಸನ್ನು ಈ ತಿಂಗಳ ಇನ್ನೊಂದು ಸರ್ಕಾರಿ ರಜೆಯ ಸಂಜೆ ಕೆರೆಯ ದಂಡೆಯಲ್ಲಿ ಹಾರಿಸುತ್ತಾರಂತೆ. ಮೊದಲು ಆರ್ಕೆಸ್ಟ್ರಾ ನಿಧಾನವಾದದ್ದೇನನ್ನೋ ನುಡಿಸುತ್ತದೆ, ಚಪ್ಪಾಳೆ ಇಲ್ಲ. ಆಮೇಲೆ ಅಗಲಿದವರ ಹೆಸರುಗಳನ್ನು ಓದುತ್ತಾರೆ, ಒಬ್ಬೊಬ್ಬರಿಗೆ ಒಂದು ಬಾಣ. ಅತ್ತೆಯ ಹೆಸರು ಕೊಡುತ್ತೀರಾ ಎಂದು ಮೆಟ್ಟಿಲ ಬಳಿ ಕೇಳಿದರು. ನಾನು ಓದಿದ ಜಪಾನಿ ಕಥೆಗಳ ಅನುವಾದಗಳಲ್ಲಿ ಇಲ್ಲಿನ ಬಾಣಬಿರುಸನ್ನು ಪ್ರೇಮಿಗಳು ಮಾತ್ರ ನೋಡುತ್ತಾರೆ. ಅಗಲಿದವರಿಗಾಗಿಯೂ ಹಾರಿಸುತ್ತಾರೆಂದು ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಹೇಳಿದೆ.

"ಅಮ್ಮ ಹೋಗಿ ಆರು ತಿಂಗಳಾಗಿಲ್ಲ, ಪಟಾಕೀನಾ?" ಎಂದ ಗಿರಿಧರ್.

"ಪಟಾಕಿ ಅಲ್ಲ ಪಪ್ಪಾ, ಹನಾಬಿ," ಎಂದಳು ಚಿನ್ಮಯಿ, ಬಾಣಬಿರುಸಿಗೆ ಇಲ್ಲಿನವರ ಮಾತು ಬಳಸಿ. "ಫಸ್ಟ್ ಲೈಟ್ ಬರುತ್ತೆ. ಸೌಂಡ್ ಲೇಟ್. ಯು ಹ್ಯಾವ್ ಟು ವೇಟ್."

ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ನಲ್ಲಿ ಬಹಳ ಹೊತ್ತು ಹರಿಯುತ್ತಿತ್ತು.

ವೇದವಲ್ಲಿ. ಈ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದಿಲ್ಲ. ನಮಗೆಲ್ಲ ಅವರು ಅಮ್ಮ, ಅತ್ತೆ, ಅಜ್ಜಿ. ಮೊರಿಯಾಮಾ ಸಾನ್‌ಗೆ ಅದನ್ನು ಜಪಾನಿ ಅಕ್ಷರಗಳಲ್ಲಿ ಬರೆದುಕೊಡಬೇಕು. ಕೊಡುತ್ತೇನೆ. ಬೆಳಿಗ್ಗೆ ಮೊದಲು ಗಿರಿಧರನಿಗೆ ಹೇಳಿ, ಆಮೇಲೆ. ಬೇಡ ಎಂದರೆ ನಾನು, ಚಿನ್ಮಯಿ ಇಬ್ಬರೇ ಹೋಗಿ ನಿಲ್ಲುತ್ತೇವೆ. ಸದ್ದು ನಮ್ಮ ಮನೆಯವರೆಗೂ ಕೇಳುತ್ತದಂತೆ.