ರೇಡಿಯೇಟರಿನೊಳಗಿನ ಅರಿಶಿಣ

ಬಸವಕಲ್ಯಾಣ, ಸೋಮವಾರ

ಹುಮನಾಬಾದಿನಲ್ಲಿರುವ ತಮ್ಮ ಓಂಪ್ರಕಾಶನಿಗೆ ಅಕ್ಕ ರಾಜೇಶ್ವರಿ ಬರೆಯುವುದು.

ನೀನು ನಮಗೆ ಕೊಟ್ಟ, ಒಳಗೇ ಹಾಸಿಗೆ ಒಲೆ ಇರುವ ಆ ಹಳೆಯ ವ್ಯಾನು ಮೊನ್ನೆ ಕೊಹಿನೂರ ಊರು ದಾಟುವಷ್ಟರಲ್ಲಿ ಎಂಜಿನ್ ಕಾದು ಕುದಿಯಿತು. ನಿನ್ನ ಭಾವ ರೇಡಿಯೇಟರಿನ ಮುಚ್ಚಳ ತೆಗೆದರು. ಬಿಸಿನೀರು ಚಿಮ್ಮಿ ಬಲಗೈ ಬೆಂದಿದೆ. ಶಾಖ ತೋರಿಸುವ ಮುಳ್ಳು ಕೆಂಪಿಗೆ ಹೋದದ್ದನ್ನು ನಾನು ಎರಡು ಸಲ ತೋರಿಸಿದ್ದೆ. "ಆ ಮುಳ್ಳು ಸುಳ್ಳು ಹೇಳತದ, ನೋಡಬ್ಯಾಡ್ರಿ ಅಂತ ಓಂ ಹೇಳ್ಯಾನಲ್ಲ" ಎಂದು ಓಡಿಸುತ್ತಲೇ ಇದ್ದರು.

ನಿನ್ನೆ ಗ್ಯಾರೇಜಿನ ಮಿಸ್ತ್ರಿ ರೇಡಿಯೇಟರ್ ಬಿಚ್ಚಿದ. ಒಳಗೆಲ್ಲ ಅರಿಶಿಣದ ಗಸಿ. "ಸೋರೋದು ಮುಚ್ಚಲಿಕ್ಕ ಯಾರೋ ಮುಟಗಿ ಮುಟಗಿ ಹಾಕ್ಯಾರ್ರಿ ಅಕ್ಕಾರ" ಎಂದ. ಹಾಕಿದವನು ನೀನೇ ಎಂದು ನನಗೆ ಅಲ್ಲೇ ತಿಳಿಯಿತು. ಹಿಂದೊಮ್ಮೆ ಚಿಟಗುಪ್ಪದ ದಾರಿಯಲ್ಲಿ ಅಪ್ಪನ ಜೀಪು ಸೋರಿದಾಗ ನನ್ನ ಅಡುಗೆ ಡಬ್ಬಿಯ ಅರಿಶಿಣ ಹಾಕಿ ನಿನಗೆ ಆ ಉಪಾಯ ಕಲಿಸಿದವಳು ನಾನೇ. "ಇದು ಮನಿ ಮುಟ್ಟೂತನಕ ಅಷ್ಟೇ. ನಾಳೆ ತೊಳದು ತೂತಿಗೆ ಬೆಸಗಿ ಹಾಕಸು" ಎಂದೂ ಹೇಳಿದ್ದೆ.

ಈಗ ಒಂದೇ ಕೆಲಸ ಮಾಡು. ಅರಿಶಿಣ ಯಾವಾಗ ಹಾಕಿದೆ, ಆಮೇಲೆ ಎಂಜಿನ್ ಎಷ್ಟು ಸಲ ಕುದಿಯಿತು ಎಂಬುದನ್ನು ನಿಜ ಬರೆದು ಕಳಿಸು. ಎಂಜಿನ್ ಪೂರ್ತಿ ಬಿಚ್ಚಬೇಕೋ ಬೇಡವೋ ಎಂದು ಮಿಸ್ತ್ರಿ ಅದನ್ನು ನೋಡಿ ಹೇಳುತ್ತಾನಂತೆ.

ನಿನ್ನ ಭಾವನಿಗೆ ಪೈಪು ಒಡೆದಿತ್ತು ಎಂದಷ್ಟೇ ಹೇಳಿದ್ದೇನೆ. ಕೈಗೆ ಪಟ್ಟಿ ಕಟ್ಟಿಕೊಂಡು ಕೂತು, "ಓಂಗ ಕರಿ, ಈ ಗಾಡಿ ಅವಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ" ಎನ್ನುತ್ತಿದ್ದಾರೆ.

ಅದು ಖರೆ. ಅದಕ್ಕೇ ನೀನು ಬರಬೇಡ.

ರಾಜೇಶ್ವರಿ