ಸಾವಿರಕ್ಕೆ ನಿಲ್ಲಿಸಿದ ಲೆಕ್ಕ

ಬುಧವಾರ, ಊಟದ ಬಿಡುವಿನಲ್ಲಿ

ನನ್ನ ಮುದ್ದು ಅಕ್ಕಾ,

ಮದುವೆಯಾಗಿ ಇವತ್ತಿಗೆ ನಲವತ್ತೊಂದು ದಿನ. ಇವರು ನಿದ್ದೆಯಲ್ಲೂ ನಗುತ್ತಾರೆ ಎಂದು ಬರೆದಿದ್ದೆನಲ್ಲ, ಈಗ ನಾನೂ ನಗುತ್ತೇನಂತೆ.

ಮಾವನವರು ಕೊಟ್ಟ ಉಡುಗೊರೆ ನಿನಗೆ ನೆನಪಿರಬೇಕು. ನಲವತ್ತು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟ್ರು ಮತ್ತೇನು ಕೊಟ್ಟಾರು, ಒಂದು ಸಂಖ್ಯೆ. ನಾವಿಬ್ಬರೂ ದುಡಿಯುವ ಲೆನ್ಸ್ ಕಾರ್ಖಾನೆಯಲ್ಲಿ ಇವರ ಟೋಕನ್ ನಂಬರು 1022, ನನ್ನದು 117. ಅಕ್ಕಪಕ್ಕ ಬರೆದರೆ 1022117. “ಬೇರೆಬೇರೆ ಇದ್ರೆ ಒಬ್ರು ಏಳರಿಂದ, ಇನ್ನೊಬ್ರು ಮೂರರಿಂದ ಒಡೆದುಹೋಗ್ತೀರಿ. ಒಟ್ಟಿಗಿದ್ರೆ ಯಾವುದ್ರಿಂದ್ಲೂ ಭಾಗ ಆಗಲ್ಲ ಕಣಮ್ಮ” ಎಂದಿದ್ದರು. ಅವಿಭಾಜ್ಯ ಸಂಖ್ಯೆ. ನಾನು ನಾಚಿ ನೀರಾಗಿದ್ದೆ.

ಅದಕ್ಕೆ ಸಾಕ್ಷಿ ಒಂದು ನೋಟ್‌ಪುಸ್ತಕ. ಎರಡು, ಮೂರು, ಐದು ಎಂದು ಶುರುಮಾಡಿ, ಸಾವಿರದೊಳಗಿನ ನೂರ ಅರವತ್ತೆಂಟು ಅವಿಭಾಜ್ಯಗಳಿಂದಲೂ ಭಾಗಿಸಿದ್ದಾರೆ. ಪ್ರತಿ ಶೇಷಕ್ಕೂ ಕೆಂಪು ಗುರುತು. ಕೊನೆಯದು 997, ಶೇಷ 192. ಕೆಳಗೆ ಎರಡು ಗೆರೆ.

ಇವರಿಗೆ ಆ ಪುಸ್ತಕವೇ ಪ್ರಾಣ. ಹೋದ ತಿಂಗಳು ಡಾಕ್ಟರು ಮಾವನವರ ನೆನಪು ಸವೆಯುತ್ತಿದೆ, ಬೇಗ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. “ಇಷ್ಟು ಲೆಕ್ಕ ಮಾಡೋ ಮನುಷ್ಯನಿಗೆ ಮರೆವಂತೆ. ಆ ಡಾಕ್ಟರಿಗೇ ಮರೆವು” ಎಂದು ಇವರು ನಕ್ಕು ಚೀಟಿಯನ್ನು ಡ್ರಾಯರಿಗೆ ಹಾಕಿದರು. ನಾನೂ ನಕ್ಕೆ.

ಭಾನುವಾರ ಆ ಸಂಖ್ಯೆಯನ್ನು ದಿಂಬಿನ ಚೀಲದ ಮೇಲೆ ಕಸೂತಿ ಹಾಕುತ್ತಿದ್ದೆ. ಸುಮ್ಮನೆ ಖುಷಿಗೆ ಮುಂದಿನ ಅವಿಭಾಜ್ಯದಿಂದಲೂ ಭಾಗಿಸೋಣ ಅನ್ನಿಸಿತು. ಯಾವ ಸಂಖ್ಯೆಗೂ ಅದರ ವರ್ಗಮೂಲದವರೆಗೆ, ಅಂದರೆ ಇದಕ್ಕೆ 1010ರವರೆಗೆ, ಭಾಗಿಸಿ ನೋಡಲೇಬೇಕು. ಮಾವನವರು ಸಾವಿರಕ್ಕೇ ನಿಲ್ಲಿಸಿದ್ದರು. ಉಳಿದದ್ದು ಒಂದೇ ಒಂದು, 1009. ಭಾಗಿಸಿದರೆ ಸರಿಯಾಗಿ 1013 ಬಂತು. ಶೇಷ ಸೊನ್ನೆ. ಮೂರು ಸಲ ಮಾಡಿದೆ. ಕಸೂತಿಯಲ್ಲಿ ಕೊನೆಯ ಏಳು ಮಾತ್ರ ಬಾಕಿ ಇತ್ತು, ಹಾಗೇ ಬಿಟ್ಟಿದ್ದೇನೆ.

ಯಾರಾದರೂ ಎಡವಬಹುದು, ನಿಜ. ಆದರೆ ಎಲ್ಲಿಯವರೆಗೆ ಭಾಗಿಸಬೇಕು ಎಂಬುದನ್ನು ಮಕ್ಕಳಿಗೆ ಕಿವಿ ಹಿಂಡಿ ಕಲಿಸಿದವರು ಅವರೇ.

ಮೂರು ದಿನದಿಂದ ಇವರಿಗೆ ಹೇಳಲು ಬಾಯಿ ತೆರೆಯುತ್ತೇನೆ. ಇವರು ನನ್ನತ್ತ ನೋಡಿ ನಗುತ್ತಾರೆ, ಮುಚ್ಚುತ್ತೇನೆ. ನಾನು, ಬಾಯಿಗೆ ಬೀಗವೇ ಇಲ್ಲದವಳು. ಹೇಳಿದರೆ ಇವರ ಕೈಯಿಂದ ಆ ಪುಸ್ತಕ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಚೀಟಿ ಡ್ರಾಯರಿನಲ್ಲೇ ಕೊಳೆಯುತ್ತದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ, ಅಕ್ಕಾ?

ಅಮ್ಮನಿಗೆ ಮಾತ್ರ ನಾನು ಸುಖವಾಗಿದ್ದೇನೆ ಎನ್ನು. ಅದು ಸುಳ್ಳಲ್ಲ.

ನಿನ್ನ
ಬಡಬಡಿ

ತಾ.ಕ.: ಒಂದು ವಿಷಯ ಮುಚ್ಚಿಟ್ಟಿದ್ದೆ. ಬರೀ ಕೈತಪ್ಪು ಆಗಿರಲಿ ಎಂಬ ಆಸೆಯಿಂದ, ಇವತ್ತು ಬೆಳಿಗ್ಗೆ ಅದೇ ಸಂಖ್ಯೆಯನ್ನು 1009ರಿಂದ ಭಾಗಿಸಿ, ಬೇಕೆಂದೇ ಶೇಷ 2018 ಎಂದು ಬರೆದು ಮಾವನವರ ಮುಂದೆ ಹಿಡಿದೆ. ಭಾಗಿಸುವ ಸಂಖ್ಯೆಗಿಂತ ದೊಡ್ಡ ಶೇಷ, ಐದನೇ ತರಗತಿಯವರೂ ನಗುವ ತಪ್ಪು. ಬೈಯಲಿ ದೇವರೇ ಎಂದು ಕಾದು ನಿಂತೆ. ಅವರು ನಿಧಾನವಾಗಿ ಓದಿ, ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿ, ನನ್ನ ತಲೆ ಸವರಿ ಕೇಳಿದರು: “ಜಾಣೆ. ಯಾವ ಕ್ಲಾಸಮ್ಮ ನೀನು?”